ಒಂದೇ ಅಳತೆಯ ಎರಡು ಮನೆ: ಯಾವುದಕ್ಕೆ ಮುಂಗಡ ಕೊಡುವುದು?

ಪ್ರಶ್ನೆ: ಮೈಸೂರಿನ ಶಿಕ್ಷಕಿ

ನಮಸ್ಕಾರ. ಹನ್ನೊಂದು ವರ್ಷ ಬಾಡಿಗೆ ಮನೆಗಳಲ್ಲಿದ್ದು ಈಗ ಮೊದಲ ಬಾರಿಗೆ ಸ್ವಂತ ಮನೆ ಕೊಳ್ಳಲು ಹೊರಟಿದ್ದೇವೆ. ನನ್ನ ಪತಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ನನ್ನ ಶಾಲೆ ಕುವೆಂಪುನಗರದಲ್ಲಿ. ಬೋಗಾದಿಯ ಕಡೆ, ವರ್ತುಲ ರಸ್ತೆಯ ಆಚೆ ಎರಡು ಮನೆ ನೋಡಿದ್ದೇವೆ. ಎರಡೂ 30×40 ಅಡಿ ನಿವೇಶನ, ಎರಡೂ ಸುಮಾರು ಹತ್ತು ಚದರ, ಎರಡೆರಡು ಮಲಗುವ ಕೋಣೆ. ನಡುವೆ ನಡೆದರೆ ಐದು ನಿಮಿಷದ ದಾರಿ. ಒಂದಕ್ಕೆ ಹೊಸದಾಗಿ ಹಳದಿ ಬಣ್ಣ ಹೊಡೆಸಿದ್ದಾರೆ, ಮೂಡಣ ಬಾಗಿಲು, 78 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದರ ಮುಂದೆ ದೊಡ್ಡ ಬೇವಿನ ಮರವಿದೆ, ಪಡುವಣ ಬಾಗಿಲು, ಬಣ್ಣ ಮಾಸಿದೆ, 82 ಲಕ್ಷ. ಪತಿಗೂ ಅತ್ತೆಗೂ ಹಳದಿ ಮನೆ ಹಿಡಿಸಿದೆ. ನನ್ನ ಮನಸ್ಸು ಬೇವಿನ ಮರದ ಮನೆಯ ಕಡೆ ಎಳೆಯುತ್ತಿದೆ, ಕಾರಣ ಕೇಳಿದರೆ ಹೇಳಲು ಬರುವುದಿಲ್ಲ. ಇನ್ನು ಒಂಬತ್ತು ದಿನದಲ್ಲಿ ಒಂದಕ್ಕೆ ಮುಂಗಡ ಕೊಡಬೇಕು. ಹೀಗೆ ಎರಡರ ನಡುವೆ ಸಿಕ್ಕಿಕೊಂಡವರು ಹೇಗೆ ತೀರ್ಮಾನಿಸಿದಿರಿ?

ದಟ್ಟಗಳ್ಳಿಯಿಂದ, ಗೃಹಿಣಿ

ತಂಗಿ, ನಿಮ್ಮ ಪ್ರಶ್ನೆಯಲ್ಲಿ ಬಾಗಿಲಿದೆ, ಬಣ್ಣವಿದೆ, ಬೆಲೆಯಿದೆ. ನೀರಿನ ಮಾತು ಒಂದೂ ಇಲ್ಲ. ನಾವೂ 2018ರಲ್ಲಿ ಹೀಗೆಯೇ ಮನೆ ನೋಡಿದ್ದೆವು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಗ ನಮ್ಮ ಮುಂದಿದ್ದ ಎರಡು ಮನೆಗಳೂ ಅಕ್ಕತಂಗಿಯರ ಹಾಗಿದ್ದವು. ಒಂದರ ಮುಂಬಾಗಿಲು ತೇಗದ್ದು, ಅಡುಗೆಮನೆಯ ಕಟ್ಟೆಗೆ ಕಪ್ಪು ಗ್ರಾನೈಟ್, ಬೆಲೆಯೂ ಮೂರು ಲಕ್ಷ ಕಡಿಮೆ. ಹಿಂದುಮುಂದು ನೋಡದೆ ಅದನ್ನೇ ಕೊಂಡೆವು. ಎರಡು ಮನೆಗಳ ನಡುವೆ ಒಂದು ಖಾಲಿ ಹೊಲ ಇತ್ತು. ಆ ಹೊಲದ ಆಚೆಯದು ಬೇರೆ ಬಡಾವಣೆ ಎನ್ನುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಗೃಹಪ್ರವೇಶವಾಗಿ ಎಂಟು ತಿಂಗಳಿಗೆ ಬೇಸಿಗೆ ಬಂತು, ನಲ್ಲಿ ನಿಂತಿತು. ಆಗ ಮೊದಲ ಸಲ ಕೇಳಿದ ಮಾತು, ‘ನಿಮ್ಮ ಬಡಾವಣೆ ಇನ್ನೂ ಹಸ್ತಾಂತರವಾಗಿಲ್ಲ’.

ಖಾಸಗಿಯವರು ಜಮೀನು ಕೊಂಡು, ನಗರಾಭಿವೃದ್ಧಿ ಪ್ರಾಧಿಕಾರದಿಂದ ನಕ್ಷೆಗೆ ಒಪ್ಪಿಗೆ ಪಡೆದು ನಿವೇಶನ ಮಾರುತ್ತಾರೆ. ಮನೆಗಳು ಏಳುತ್ತವೆ. ಆದರೆ ರಸ್ತೆ, ಒಳಚರಂಡಿ, ಬೀದಿದೀಪ, ನೀರಿನ ಕೊಳವೆ ಇವೆಲ್ಲ ಸ್ಥಳೀಯ ಸಂಸ್ಥೆಯ ಸುಪರ್ದಿಗೆ ಹೋಗುವವರೆಗೆ ನಿರ್ವಹಣೆ ಬಡಾವಣೆ ಮಾಡಿದವರದ್ದೇ. ಅವರು ನಿವೇಶನಗಳನ್ನೆಲ್ಲ ಮಾರಿ ಮುಗಿಸಿದ ಮೇಲೆ ನಮ್ಮ ಫೋನ್ ಎತ್ತುವವರು ಯಾರು? ನಮ್ಮ ಬಡಾವಣೆಗೆ ಇದ್ದದ್ದು ಒಂದು ಕೊಳವೆಬಾವಿ. ಹೊಲದ ಆಚೆಯ ಮನೆಗೆ ನಲ್ಲಿ ನೀರು ಬರುತ್ತಿತ್ತು. 2023ರಲ್ಲಿ ಮಳೆ ಕೈಕೊಟ್ಟಿತು, ಮರುವರ್ಷದ ಬೇಸಿಗೆಯ ನಾಲ್ಕು ತಿಂಗಳು ತಿಂಗಳಿಗೆ ನಾಲ್ಕು ಟ್ಯಾಂಕರ್ ತರಿಸಿದೆವು, ಒಂದಕ್ಕೆ ಎಂಟುನೂರು ರೂಪಾಯಿ. ಹಣಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು ಕಾಯುವುದು. ಟ್ಯಾಂಕರ್ ಬರುವ ಹೊತ್ತಿಗೆ ಮನೆಯಲ್ಲಿರಬೇಕೆಂದು ನಾನು ತವರಿಗೆ ಹೋಗುವುದನ್ನೂ ಮುಂದೂಡಿದ್ದೇನೆ.

ಆದ್ದರಿಂದ ಎರಡೂ ಮನೆಗಳಿಗೆ ಇನ್ನೊಮ್ಮೆ ಹೋಗಿ. ಮಧ್ಯವರ್ತಿಯನ್ನು ಕರೆದುಕೊಂಡು ಹೋಗಬೇಡಿ. ಸ್ನಾನದ ಮನೆಯ ನಲ್ಲಿ, ಷವರ್, ಗೀಸರ್‌ನ ಕೊಳವೆ ನೋಡಿ. ಬಿಳಿಯ ಗಟ್ಟಿ ಪದರ ಕಟ್ಟಿದ್ದರೆ ಅಲ್ಲಿ ವರ್ಷಗಳಿಂದ ಬರುತ್ತಿರುವುದು ಗಡಸು ನೀರು, ಬಹುಮಟ್ಟಿಗೆ ಕೊಳವೆಬಾವಿಯದು. ಕಾವೇರಿ ನೀರೆಂದು ಬಾಯಲ್ಲಿ ಯಾರು ಬೇಕಾದರೂ ಹೇಳಬಹುದು. ಸಂಪಿನ ಮುಚ್ಚಳ ತೆಗೆಸಿ ನೋಡಿ. ಕಳೆದ ಒಂದು ವರ್ಷದ ನೀರಿನ ಬಿಲ್ಲು ಕೇಳಿ, ಮಾರುವವರ ಹೆಸರಿನಲ್ಲೇ ಇದ್ದರೆ ಒಳ್ಳೆಯದು. ಪಕ್ಕದ ಮನೆಯವರು ದಾಕ್ಷಿಣ್ಯಕ್ಕೆ ಏನನ್ನೂ ಹೇಳುವುದಿಲ್ಲ. ಮೂರು ಮನೆ ಆಚೆ, ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿರುವ ಹೆಂಗಸನ್ನು ಕೇಳಿ, ನೀರು ಯಾವ ದಿನ ಯಾವ ಹೊತ್ತಿಗೆ ಬರುತ್ತದೆಂದು. ಅವರು ಗಂಟೆ ಸಮೇತ ಹೇಳುತ್ತಾರೆ. ಕೊಳಚೆ ನೀರು ಯುಜಿಡಿಗೆ, ಅಂದರೆ ಒಳಚರಂಡಿಗೆ, ಸೇರಿದೆಯೋ, ಮನೆಯ ಹಿಂದೆ ಗುಂಡಿ ತೋಡಿದ್ದಾರೋ ಅದನ್ನೂ ಕೇಳಿ.

ಹಾಸನದಿಂದ, ಪತ್ರ ಬರಹಗಾರ

ಅಮ್ಮಾ, ನಾನು ಮೂವತ್ತು ವರ್ಷ ಕ್ರಯಪತ್ರ ಬರೆದವನು. ಮನೆ ಚೆನ್ನಾಗಿದೆಯೋ ಇಲ್ಲವೋ ನನಗೆ ತಿಳಿಯದು. ಮಾರುತ್ತಿರುವವರಿಗೆ ಮಾರುವ ಹಕ್ಕು ಪೂರ್ತಿ ಇದೆಯೇ ಎನ್ನುವುದಷ್ಟೇ ನನ್ನ ಪ್ರಶ್ನೆ. ಅಳತೆ, ಬೆಲೆ ಒಂದೇ ಆಗಿರುವ ಎರಡು ಮನೆಗಳು ಇಲ್ಲಿಗೆ ಬಂದಾಗ ಬೇರೆಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಆಸ್ತಿ ಅವರಿಗೆ ಹೇಗೆ ಬಂತು ಎಂದು ಕೇಳಿ. ತಾವೇ ದುಡಿದು ನೋಂದಾಯಿತ ಕ್ರಯಪತ್ರದಿಂದ ಕೊಂಡದ್ದಾದರೆ ದಾರಿ ಸುಲಭ. ಪಿತ್ರಾರ್ಜಿತವಾದರೆ ವಂಶವೃಕ್ಷ ತರಿಸಿ, ಅದರಲ್ಲಿರುವ ಹೆಣ್ಣುಮಕ್ಕಳ ಹೆಸರು ಓದಿ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆಲ್ಲ 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿವೆ. ತಂದೆ ಸ್ವಂತ ದುಡಿಮೆಯಿಂದ ಕೊಂಡು ಉಯಿಲು ಬರೆಯದೆ ತೀರಿಕೊಂಡಿದ್ದರೂ ಅವರ ಹೆಂಡತಿಗೆ, ಗಂಡು ಹೆಣ್ಣು ಮಕ್ಕಳೆಲ್ಲರಿಗೆ, ಆ ತಂದೆಯ ತಾಯಿ ಬದುಕಿದ್ದರೆ ಅವರಿಗೂ ಸಮಪಾಲು. ‘ತಂಗಿಯ ಮದುವೆಗೆ ಖರ್ಚು ಮಾಡಿ ಕೊಟ್ಟಾಗಿದೆ, ಅವಳದ್ದೇನೂ ತಕರಾರಿಲ್ಲ’ ಎನ್ನುವ ಅಣ್ಣಂದಿರ ಮಾತನ್ನು ಕಾಗದವೆಂದು ನಂಬಬೇಡಿ. ಅವಳು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿರಬೇಕು. ನಮ್ಮೂರಿನ ಒಬ್ಬರು ಆ ಒಂದು ಸಹಿ ಬಿಟ್ಟು ಕೊಂಡರು. ಮನೆಗೆ ಬಂದ ಎರಡನೆಯ ವರ್ಷ ವಿಭಾಗದ ದಾವೆಯ ಸಮನ್ಸ್ ಬಂತು. ಅವರ ಮಗಳು ಆಗ ಒಂದನೆಯ ತರಗತಿ, ಈಗ ಕಾಲೇಜು. ಮೊಕದ್ದಮೆ ಇನ್ನೂ ನಡೆಯುತ್ತಿದೆ.

ಋಣಭಾರ ಪ್ರಮಾಣಪತ್ರವನ್ನು, ಇಸಿ ಎನ್ನುತ್ತಾರಲ್ಲ ಅದನ್ನು, ಮೂವತ್ತು ವರ್ಷಕ್ಕೆ ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕು. ಇಸಿಯಲ್ಲಿ ಕಾಣುವುದು ನೋಂದಣಿಯಾದದ್ದು ಮಾತ್ರ. ಬಾಯಿಮಾತಿನ ಪಾಲು, ನೋಂದಾಯಿಸದ ಕರಾರು, ಬಾಕಿ ತೆರಿಗೆ ಅದರಲ್ಲಿ ಇರುವುದಿಲ್ಲ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ, ಅಂದರೆ ಸ್ಥಳೀಯ ಸಂಸ್ಥೆ ಕೊಡುವ ಆಸ್ತಿಯ ಡಿಜಿಟಲ್ ದಾಖಲೆ, ಬೇಕೇ ಬೇಕು. ಅದರಲ್ಲಿನ ಹೆಸರು, ಅಳತೆ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಕ್ರಯಪತ್ರದೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ. ಮೂಲಪತ್ರಗಳನ್ನು ಕಣ್ಣಾರೆ ನೋಡಿ, ಜೆರಾಕ್ಸ್ ಸಾಲದು. ಮೂಲಪತ್ರ ಬ್ಯಾಂಕಿನಲ್ಲಿದ್ದರೆ ಯಾವ ಬ್ಯಾಂಕು, ಬಾಕಿ ಎಷ್ಟು ಎನ್ನುವುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಮುಂಗಡವನ್ನು ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯ ಅಡ್ಡಿ ಇದೆ. ಸಾಲ ಮಂಜೂರಾಗದಿದ್ದರೆ, ದಾಖಲೆಯಲ್ಲಿ ದೋಷ ಕಂಡರೆ ಮುಂಗಡ ಇಷ್ಟು ದಿನದೊಳಗೆ ವಾಪಸು ಎಂದು ಕರಾರಿನಲ್ಲಿ ಬರೆಸಿ. ಆ ಸಾಲು ಬರೆಯಲು ಒಪ್ಪದವರ ಮನೆಯನ್ನು ನಾನಾದರೆ ಅಲ್ಲಿಗೇ ಬಿಡುತ್ತೇನೆ.

ಬೆಂಗಳೂರಿನಿಂದ, ಸಿವಿಲ್ ಎಂಜಿನಿಯರ್

ಮಾರುವ ಮೊದಲು ಬಣ್ಣ ಹೊಡೆಸುವುದು ಸಹಜ, ತಪ್ಪೇನಲ್ಲ. ಆದರೆ ಹೊಸ ಬಣ್ಣ ಕಂಡಲ್ಲಿ ನೆಲದಿಂದ ಒಂದಡಿ ಎತ್ತರದವರೆಗಿನ ಗೋಡೆಯನ್ನು ಅಂಗೈಯಿಂದ ಸವರಿ ನೋಡಿ. ತಣ್ಣಗೆ, ಉಬ್ಬಿದಂತೆ ಇದ್ದರೆ ತೇವ ಏರುತ್ತಿದೆ. ತಾರಸಿಗೆ ಹತ್ತಿ, ಇಳಿಜಾರು ಯಾವ ಕಡೆಗಿದೆ, ನೀರು ನಿಂತ ಗುರುತು ಎಲ್ಲಿದೆ ನೋಡಿ. ಒಂದು ಜೋರು ಮಳೆ ಬಂದ ಮರುದಿನ ಹೋದರೆ ಮನೆ ತಾನೇ ಎಲ್ಲವನ್ನೂ ತೋರಿಸುತ್ತದೆ. ರಸ್ತೆಗಿಂತ ಮನೆಯ ನೆಲ ಎಷ್ಟು ಎತ್ತರದಲ್ಲಿದೆ ಎಂಬುದೂ ಮುಖ್ಯ. ಹಳೆಯ ಡಾಂಬರು ಕೀಳದೆ ಮೇಲೆ ಮೇಲೆ ಹಾಕಿದಂತೆ ರಸ್ತೆ ಏರುತ್ತದೆ, ಮನೆ ಅಲ್ಲೇ ಇರುತ್ತದೆ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರ್ ಕಾಣುತ್ತದೆ. ಹತ್ತಿರದಲ್ಲಿ ಕೆರೆ, ಹಳ್ಳ ಇದೆಯೇ ಎಂದು ಅಲ್ಲಿಂದಲೇ ಹುಡುಕಲು ಶುರುಮಾಡಿ. ಮಂಜೂರಾದ ನಕ್ಷೆಯನ್ನೂ ಕಟ್ಟಡವನ್ನೂ ಅಕ್ಕಪಕ್ಕ ಇಟ್ಟು ನೋಡಲು ಸ್ಥಳೀಯ ಎಂಜಿನಿಯರ್ ಒಬ್ಬರನ್ನು ಅರ್ಧ ದಿನಕ್ಕೆ ಕರೆದುಕೊಂಡು ಹೋಗಿ. ಪಡುವಣ ಮುಖದ ಮನೆಗೆ ಮುಂದೆ ಮರವಿದ್ದರೆ ಸಂಜೆಯ ಬಿಸಿಲು ಬಹಳಷ್ಟು ತಗ್ಗುತ್ತದೆ, ನಿಮ್ಮ ಮನಸ್ಸು ಎಳೆದದ್ದು ಅದಕ್ಕೂ ಇರಬಹುದು.

ಶಿವಮೊಗ್ಗದಿಂದ, ಬ್ಯಾಂಕ್ ನೌಕರ

ನಾಲ್ಕು ಲಕ್ಷದ ಅಂತರ ಎಂದಾಗ ದೊಡ್ಡದಾಗಿ ಕಾಣುತ್ತದೆ, ಅದನ್ನು ಬಿಡಿಸಿ ನೋಡೋಣ. 30 ಲಕ್ಷ ಮೀರಿದ, 75 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಬೆಲೆಯ ಶೇ. 80ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ನಿಯಮ ಅವಕಾಶ ಕೊಡುತ್ತದೆ. ನೋಂದಣಿಯ ಖರ್ಚು ಇದರಲ್ಲಿ ಸೇರದು, ಅದು ನಿಮ್ಮ ಕೈಯಿಂದಲೇ ಹೋಗಬೇಕು. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಎಲ್ಲ ಸೇರಿ ನಗರ ಪ್ರದೇಶದಲ್ಲಿ ಸುಮಾರು ಶೇ. 7.6. ಹಾಗಾಗಿ 78 ಲಕ್ಷದ ಮನೆಗೆ ನಿಮ್ಮ ಕೈಯಲ್ಲಿ ಸುಮಾರು 21.5 ಲಕ್ಷ ಇರಬೇಕು, 82 ಲಕ್ಷದ್ದಕ್ಕೆ 22.6 ಲಕ್ಷ. ಉಳಿದ ಅಂತರ 3.2 ಲಕ್ಷ ಸಾಲಕ್ಕೆ ಸೇರುತ್ತದೆ. ಶೇ. 8ರ ಬಡ್ಡಿ, 20 ವರ್ಷ ಎಂದು ಹಿಡಿದರೆ ಕಂತಿಗೆ ತಿಂಗಳಿಗೆ ಸುಮಾರು 2,680 ರೂಪಾಯಿ ಹೆಚ್ಚು. ದಟ್ಟಗಳ್ಳಿಯ ಅಕ್ಕ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕೊಟ್ಟದ್ದು ತಿಂಗಳಿಗೆ 3,200.

ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಅದರಲ್ಲಿ ಶೇ. 1ನ್ನು ಕೊಳ್ಳುವವರೇ ಹಿಡಿದು ಮಾರುವವರ ಪ್ಯಾನ್ ನಮೂದಿಸಿ ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು, ಇದನ್ನು ಮೊದಲ ಸಲ ಕೊಳ್ಳುವವರು ಮರೆಯುತ್ತಾರೆ.

ಧಾರವಾಡದಿಂದ, ನಿವೃತ್ತ ಶಿಕ್ಷಕಿ

ಅತ್ತೆಯವರ ಮೂಡಣ ಬಾಗಿಲಿನ ಆಸೆಯನ್ನು ತಳ್ಳಿಹಾಕಬೇಡಿ. ನೀವಿಬ್ಬರೂ ಕೆಲಸಕ್ಕೆ ಹೋದ ಮೇಲೆ ದಿನವಿಡೀ ಆ ಮನೆಯಲ್ಲಿರುವವರು ಅವರು. ನನ್ನ ಅತ್ತೆಯೂ ನಮ್ಮ ಮನೆಯ ಬಾಗಿಲು ಪಡುವಣಕ್ಕಿದೆ ಎಂದು ಮುನಿಸಿಕೊಂಡಿದ್ದರು. ಕೊಳ್ಳುವ ಮೊದಲು ಒಂದು ಸಂಜೆ ಅವರನ್ನು ಕರೆದುಕೊಂಡು ಹೋಗಿ ಜಗಲಿಯಲ್ಲಿ ಅರ್ಧ ಗಂಟೆ ಕೂರಿಸಿದೆವು. ಎದುರು ಮನೆಯ ಅಜ್ಜಿ ಬಂದು ಮಾತಿಗೆ ಕುಳಿತರು, ಅತ್ತೆ ಅವರನ್ನು ದೇವಸ್ಥಾನ ಎಷ್ಟು ದೂರ, ಹಾಲು ಎಲ್ಲಿ ಎಂದೆಲ್ಲ ವಿಚಾರಿಸಿದರು. ಹೊರಡುವಾಗ ಅತ್ತೆಯೇ ‘ಇದು ಇರಲಿ’ ಎಂದರು. ಎರಡೂ ಮನೆಗೆ ಅವರನ್ನು ಕರೆದೊಯ್ಯಿರಿ, ಅವರಿಗೂ ನೋಡಲು ಬಿಡಿ.

ಪ್ರಶ್ನೆ ಕೇಳಿದವರು, ಐದು ದಿನಗಳ ನಂತರ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ನಿಮ್ಮ ಮಾತುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಎರಡೂ ಮನೆಗೆ ಎರಡೆರಡು ಸಲ ಹೋಗಿಬಂದೆವು.

ಹಳದಿ ಮನೆಯ ನಲ್ಲಿಗಳಲ್ಲಿ ಬಿಳಿ ಪದರ ಕಟ್ಟಿದೆ. ನೀರಿನ ಬಿಲ್ಲು ಕೇಳಿದಾಗ ‘ಆರು ತಿಂಗಳಲ್ಲಿ ಬಡಾವಣೆ ಹಸ್ತಾಂತರವಾಗುತ್ತದೆ’ ಎಂಬ ಉತ್ತರ ಬಂತು. ಆ ಬೀದಿಯ ಹೆಂಗಸೊಬ್ಬರು ಇದೇ ಮಾತನ್ನು ನಾಲ್ಕು ವರ್ಷದಿಂದ ಕೇಳುತ್ತಿರುವುದಾಗಿ ಹೇಳಿದರು. ಕಾಗದಪತ್ರ ಮಾತ್ರ ಅಚ್ಚುಕಟ್ಟಾಗಿದೆ, ಅವರೇ ಕೊಂಡು ಕಟ್ಟಿಸಿದ ಮನೆ. ಬೇವಿನ ಮರದ ಮನೆಗೆ ದಿನ ಬಿಟ್ಟು ದಿನ ಬೆಳಿಗ್ಗೆ ನಲ್ಲಿ ನೀರು ಬರುತ್ತದೆ, ಬಿಲ್ಲುಗಳನ್ನೂ ತೋರಿಸಿದರು. ತಾರಸಿಯ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ, ರಿಪೇರಿ ಸಾಧ್ಯವೆಂದು ನಮ್ಮೊಂದಿಗೆ ಬಂದಿದ್ದ ಎಂಜಿನಿಯರ್ ಹೇಳಿದರು. ಆದರೆ ಅದು ಮಾರುವವರ ತಂದೆ ಕೊಂಡದ್ದು, ಉಯಿಲು ಇಲ್ಲ. ತಾಯಿಯೂ ಇಲ್ಲ. ಇಬ್ಬರು ತಂಗಿಯರಿದ್ದಾರೆ. ಒಬ್ಬರು ಇಲ್ಲೇ ಇದ್ದಾರೆ, ಸಹಿಗೆ ಬರುತ್ತೇನೆ ಎಂದಿದ್ದಾರೆ. ಇನ್ನೊಬ್ಬರು ಮಡಿಕೇರಿಯಲ್ಲಿ, ಅಣ್ಣನೊಂದಿಗೆ ಮೂರು ವರ್ಷದಿಂದ ಮಾತಿಲ್ಲ. ಅತ್ತೆ ಬೇವಿನ ಮರದ ಕೆಳಗೆ ಬಹಳ ಹೊತ್ತು ಕುಳಿತಿದ್ದರು. ಹಳದಿ ಮನೆಯ ಮಾತನ್ನು ಆಮೇಲೆ ಎತ್ತಿಲ್ಲ.

ಒಂಬತ್ತು ದಿನದ ಗಡುವನ್ನು ಇಬ್ಬರಿಗೂ ಫೋನ್ ಮಾಡಿ ಮುಂದಕ್ಕೆ ಹಾಕಿಸಿದ್ದೇವೆ. ಈ ಭಾನುವಾರ ಮಾರುವವರೂ ನಾವೂ ಒಟ್ಟಿಗೆ ಮಡಿಕೇರಿಗೆ ಹೋಗುತ್ತಿದ್ದೇವೆ.

ಹಾಸನದಿಂದ, ಪತ್ರ ಬರಹಗಾರ

ಹೋಗಿಬನ್ನಿ ಅಮ್ಮಾ. ಮೊದಲು ಅಣ್ಣ ತಂಗಿ ಮಾತನಾಡಲಿ, ನೀವು ಸ್ವಲ್ಪ ಹೊತ್ತು ಹೊರಗೆ ಇರಿ. ಆ ತಂಗಿ ತಮ್ಮ ಪಾಲು ಕೇಳಿದರೆ ಅದು ಅವರ ಹಕ್ಕು, ಬೇಸರಪಡಬೇಡಿ. ಆ ಮೊತ್ತ ಅವರ ಖಾತೆಗೇ ನೇರವಾಗಿ ಹೋಗುವಂತೆ ಕ್ರಯಪತ್ರದಲ್ಲಿ ಬರೆಸಿ.