ಜಾಂಗೊ: ಆರ್ಡರ್ ‘ಪೇಡ್’ ಆದಾಗ ಎಸ್ಸೆಮ್ಮೆಸ್ ಎರಡೆರಡು ಸಲ, ಒಮ್ಮೊಮ್ಮೆ ಹೋಗುವುದೇ ಇಲ್ಲ

ಪ್ರಶ್ನೆ: ಜಾಂಗೊ 4.2 (ಪೈಥಾನ್ ವೆಬ್ ಫ್ರೇಮ್‌ವರ್ಕ್), ಪೋಸ್ಟ್‌ಗ್ರೆಸ್ (ಡೇಟಾಬೇಸ್), ಸೆಲೆರಿ (ಟಾಸ್ಕ್‌ಗಳನ್ನು ಹಿನ್ನೆಲೆಯಲ್ಲಿ ಓಡಿಸುವ ಸಾಧನ) ಬಳಸುತ್ತಿದ್ದೇವೆ. ಅಟಾಮಿಕ್_ರಿಕ್ವೆಸ್ಟ್ಸ್ ಆನ್ ಇದೆ, ಅಂದರೆ ಪ್ರತಿ ರಿಕ್ವೆಸ್ಟ್ ಒಂದು ಟ್ರಾನ್ಸಾಕ್ಷನ್ ಒಳಗೆ ಓಡುತ್ತದೆ. ಆರ್ಡರ್ ಮಾಡೆಲ್‌ಗೆ ಪೋಸ್ಟ್_ಸೇವ್ ಸಿಗ್ನಲ್ (ಸೇವ್ ಆದೊಡನೆ ಜಾಂಗೊ ಕಳಿಸುವ ಸೂಚನೆ) ಹಾಕಿ, ಸ್ಟೇಟಸ್ ‘ಪೇಡ್’ ಇದ್ದರೆ ಸ್ಟಾಕ್ ಇಳಿಸಿ ಎಸ್ಸೆಮ್ಮೆಸ್ ಟಾಸ್ಕ್‌ನ ಡಿಲೇ ಕರೆದು ಅದನ್ನು ಕ್ಯೂಗೆ ಹಾಕುತ್ತೇವೆ. ಕೆಲವು ಗ್ರಾಹಕರಿಗೆ ಎಸ್ಸೆಮ್ಮೆಸ್ ಎರಡು ಸಲ ಹೋಗುತ್ತದೆ. ಕೆಲವು ಸಲ ಟಾಸ್ಕ್ ಓಡಿಸುವ ವರ್ಕರ್‌ನಲ್ಲಿ ‘ಡಸ್‌ನಾಟ್‌ಎಕ್ಸಿಸ್ಟ್’ (ಅಂಥ ಸಾಲೇ ಇಲ್ಲ) ಎರರ್. ಅಡ್ಮಿನ್‌ನಲ್ಲಿ ಹಲವು ಆರ್ಡರ್ ಆಯ್ದು ಒಟ್ಟಿಗೆ ‘ಪೇಡ್’ ಮಾಡಿದರೆ ಏನೂ ಆಗುವುದಿಲ್ಲ. ಡಿಸ್‌ಪ್ಯಾಚ್_ಯುಐಡಿ ಕೊಟ್ಟು ನೋಡಿದ್ದಾಯಿತು, ಪ್ರಯೋಜನವಾಗಲಿಲ್ಲ.

ಉತ್ತರ: ಡಿಸ್‌ಪ್ಯಾಚ್_ಯುಐಡಿ ತಡೆಯುವುದು ಒಂದೇ ರಿಸೀವರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಎರಡು ಸಲ ನೋಂದಣಿಯಾಗುವುದನ್ನು ಮಾತ್ರ. ನಿಮ್ಮಲ್ಲಿ ಬಹುಶಃ ಸೇವ್ ಎನ್ನುವುದೇ ಎರಡು ಸಲ ನಡೆಯುತ್ತಿದೆ. ಪೇಡ್ ಆದ ಆರ್ಡರ್‌ನ ವಿಳಾಸ ತಿದ್ದಿದರೂ ಪೋಸ್ಟ್_ಸೇವ್ ಓಡುತ್ತದೆ, ಸ್ಟೇಟಸ್ ಆಗಲೂ ‘ಪೇಡ್’. ‘ಈಗ ಪೇಡ್ ಇದೆ’ ಮತ್ತು ‘ಈಗಷ್ಟೇ ಪೇಡ್ ಆಯಿತು’ ಎಂಬ ವ್ಯತ್ಯಾಸ ಆ ಸಿಗ್ನಲ್‌ಗೆ ಗೊತ್ತಿಲ್ಲ. ಸ್ಟಾಕ್ ಕೂಡ ಎರಡು ಸಲ ಇಳಿದಿರುತ್ತದೆ, ಮೊದಲು ಅದನ್ನು ಪರೀಕ್ಷಿಸಿ.

ಎರಡನೆಯದು: ಸಿಗ್ನಲ್ ಓಡುವಾಗ ಟ್ರಾನ್ಸಾಕ್ಷನ್ ಇನ್ನೂ ಕಮಿಟ್ ಆಗಿಲ್ಲ (ಡೇಟಾಬೇಸ್‌ನಲ್ಲಿ ಖಾಯಂ ಆಗಿಲ್ಲ). ವರ್ಕರ್ ಬೇರೆ ಕನೆಕ್ಷನ್‌ನಿಂದ ನೋಡುತ್ತದೆ, ಅಷ್ಟರಲ್ಲಿ ಹೊಸ ಆರ್ಡರ್‌ನ ಸಾಲು ಅದಕ್ಕೆ ಕಾಣುವುದಿಲ್ಲ. ಮೂರನೆಯದು: ನಿಮ್ಮ ಅಡ್ಮಿನ್ ಆಕ್ಷನ್ ಕ್ವೆರಿಸೆಟ್‌ನ ಅಪ್‌ಡೇಟ್ (ಹಲವು ಸಾಲುಗಳನ್ನು ಒಂದೇ ಕ್ವೆರಿಯಲ್ಲಿ ಬದಲಿಸುವುದು) ಬಳಸುತ್ತಿರಬೇಕು. ಅಪ್‌ಡೇಟ್, ಬಲ್ಕ್_ಕ್ರಿಯೇಟ್, ಬಲ್ಕ್_ಅಪ್‌ಡೇಟ್ ಯಾವುದೂ ಸೇವ್ ಸಿಗ್ನಲ್ ಕಳಿಸುವುದಿಲ್ಲ.

ಒಂದೊಂದಕ್ಕೂ ತೇಪೆ ಹಾಕಬೇಡಿ, ಈ ಕೆಲಸವನ್ನು ಸಿಗ್ನಲ್‌ನಿಂದಲೇ ಹೊರಗೆ ತನ್ನಿ. ‘ಮಾರ್ಕ್_ಪೇಡ್’ ಎಂಬ ಒಂದು ಫಂಕ್ಷನ್ ಬರೆಯಿರಿ. ಅಟಾಮಿಕ್ ಬ್ಲಾಕ್ ಒಳಗೆ, ಐಡಿ ಜೊತೆಗೆ ಸ್ಟೇಟಸ್ ‘ಪೆಂಡಿಂಗ್’ ಎಂದೂ ಫಿಲ್ಟರ್ ಮಾಡಿ, ‘ಪೇಡ್’ ಎಂದು ಅಪ್‌ಡೇಟ್ ಮಾಡಿ. ಫಿಲ್ಟರ್‌ಗೆ ಹೊಂದಿದ ಸಾಲುಗಳ ಸಂಖ್ಯೆಯನ್ನು ಅಪ್‌ಡೇಟ್ ಹಿಂದಿರುಗಿಸುತ್ತದೆ. 0 ಬಂದರೆ ಆ ಕೆಲಸ ಆಗಲೇ ಮುಗಿದಿದೆ, ಅಲ್ಲೇ ರಿಟರ್ನ್ ಆಗಿ. 1 ಬಂದರೆ ಎಫ್ ಎಕ್ಸ್‌ಪ್ರೆಶನ್‌ನಿಂದ (ಲೆಕ್ಕವನ್ನು ಡೇಟಾಬೇಸೇ ಮಾಡುತ್ತದೆ) ಸ್ಟಾಕ್ ಇಳಿಸಿ, ಎಸ್ಸೆಮ್ಮೆಸ್ ಅನ್ನು ಕಮಿಟ್ ಆದ ಮೇಲೆ ಓಡಿಸುವ ಟ್ರಾನ್ಸಾಕ್ಷನ್.ಆನ್_ಕಮಿಟ್‌ಗೆ ಕೊಡಿ. ಪೇಮೆಂಟ್ ಗೇಟ್‌ವೇಯ ವೆಬ್‌ಹುಕ್ (ಹಣ ಬಂತೆಂದು ನಮ್ಮ ಸರ್ವರ್‌ಗೆ ತಿಳಿಸುವ ಕರೆ) ಒಂದೇ ಕ್ಷಣದಲ್ಲಿ ಎರಡು ಸಲ ಬಡಿದರೂ ಒಂದಕ್ಕೆ ಮಾತ್ರ 1 ಸಿಗುತ್ತದೆ. ಈ ಭದ್ರತೆ ಪ್ರೀ_ಸೇವ್‌ನಲ್ಲಿ ಹಳೆಯ ಸ್ಟೇಟಸ್ ಓದಿ ಹೋಲಿಸುವುದರಲ್ಲಿ ಇಲ್ಲ.

ಮರುಪ್ರಶ್ನೆ: ಅಡ್ಮಿನ್ ಆಕ್ಷನ್‌ನಲ್ಲಿ ಲೂಪ್ ಹಾಕಿ ಪ್ರತಿ ಆರ್ಡರ್‌ಗೂ ಆನ್_ಕಮಿಟ್‌ಗೆ ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್) ಕೊಟ್ಟೆ. ಎಲ್ಲ ಎಸ್ಸೆಮ್ಮೆಸ್ಸೂ ಕೊನೆಯ ಗ್ರಾಹಕರಿಗೇ ಹೋದವು! ಟೆಸ್ಟ್‌ನಲ್ಲಂತೂ ಆನ್_ಕಮಿಟ್ ಓಡುವುದೇ ಇಲ್ಲ.

ಉತ್ತರ: ಲ್ಯಾಂಬ್ಡಾ ಓಡುವುದು ಕಮಿಟ್ ಆದ ಮೇಲೆ. ಅಷ್ಟು ಹೊತ್ತಿಗೆ ಲೂಪ್ ಮುಗಿದು ವೇರಿಯಬಲ್‌ನಲ್ಲಿ ಕೊನೆಯ ಆರ್ಡರ್ ಉಳಿದಿರುತ್ತದೆ. ಫಂಕ್‌ಟೂಲ್ಸ್‌ನ ಪಾರ್ಷಿಯಲ್ ಬಳಸಿ, ಐಡಿ ಆ ಕ್ಷಣದಲ್ಲೇ ಫಂಕ್ಷನ್‌ಗೆ ಕಟ್ಟಿಹೋಗುತ್ತದೆ. ಇಡೀ ಆಬ್ಜೆಕ್ಟ್ ಬೇಡ, ಐಡಿ ಸಾಕು.

ಟೆಸ್ಟ್‌ಕೇಸ್ ಪ್ರತಿ ಟೆಸ್ಟನ್ನೂ ಒಂದು ಟ್ರಾನ್ಸಾಕ್ಷನ್ ಒಳಗೆ ಓಡಿಸಿ ರೋಲ್‌ಬ್ಯಾಕ್ ಮಾಡುತ್ತದೆ, ಕಮಿಟ್ ಆಗುವುದೇ ಇಲ್ಲ. ಜಾಂಗೊ 3.2ರಿಂದ ಕ್ಯಾಪ್ಚರ್‌ಆನ್‌ಕಮಿಟ್‌ಕಾಲ್‌ಬ್ಯಾಕ್ಸ್ ಇದೆ, ಆನ್_ಕಮಿಟ್‌ಗೆ ಕೊಟ್ಟದ್ದನ್ನು ಟೆಸ್ಟ್‌ನಲ್ಲೇ ಓಡಿಸಲು ಅದನ್ನು ಎಕ್ಸಿಕ್ಯೂಟ್=ಟ್ರೂ ಕೊಟ್ಟು ಬಳಸಿ.

ಇನ್ನೊಬ್ಬ ಸದಸ್ಯರು: ಒಂದು ಸೇರಿಸುತ್ತೇನೆ. ಅಡ್ಮಿನ್ ಮೊದಲು ಆರ್ಡರನ್ನು ಸೇವ್ ಮಾಡಿ, ಆಮೇಲೆ ಇನ್‌ಲೈನ್‌ನಲ್ಲಿರುವ (ಅದೇ ಪುಟದಲ್ಲಿ ತುಂಬುವ) ಐಟಂಗಳನ್ನು ಸೇವ್ ಮಾಡುತ್ತದೆ. ಹೊಸ ಆರ್ಡರ್‌ನ ಪೋಸ್ಟ್_ಸೇವ್ ಓಡುವಾಗ ಐಟಂ ಒಂದೂ ಇರುವುದಿಲ್ಲ, ಹಾಗಾಗಿ ಸ್ಟಾಕ್ ಇಳಿಯುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಅಡ್ಮಿನ್‌ನಲ್ಲಿ ಮಾರ್ಕ್_ಪೇಡ್ ಕರೆಯುವುದಿದ್ದರೆ ಸೇವ್_ರಿಲೇಟೆಡ್ (ಇನ್‌ಲೈನ್‌ಗಳನ್ನು ಸೇವ್ ಮಾಡುವ ಮೆಥಡ್) ಓವರ್‌ರೈಡ್ ಮಾಡಿ, ಸೂಪರ್ ಕರೆದ ಮೇಲೆ ಕರೆಯಿರಿ. ಫಾರ್ಮ್‌ನಲ್ಲಿ ಸ್ಟೇಟಸ್ ಅನ್ನು ರೀಡ್‌ಓನ್ಲಿ ಇಡಿ. ಇಲ್ಲದಿದ್ದರೆ ಫಾರ್ಮೇ ‘ಪೇಡ್’ ಬರೆದುಬಿಟ್ಟು ನಿಮ್ಮ ಫಿಲ್ಟರ್‌ಗೆ 0 ಬರುತ್ತದೆ.

ಮರುಪ್ರಶ್ನೆ: ಹಾಗಾದರೆ ಸಿಗ್ನಲ್ ಎಲ್ಲಿ ಬಳಸುವುದು?

ಉತ್ತರ: ನೀವು ತಿದ್ದಲಾಗದ ಮಾಡೆಲ್‌ಗಳಿಗೆ: ಜಾಂಗೊದ ಯೂಸರ್, ಬೇರೆಯವರ ಪ್ಯಾಕೇಜ್‌ನ ಟೇಬಲ್. ಆಗಲೂ ಆಪ್‌ಕಾನ್ಫಿಗ್‌ನ ರೆಡಿ ಮೆಥಡ್‌ನಲ್ಲಿ ಸಿಗ್ನಲ್ ಕೋಡನ್ನು ಇಂಪೋರ್ಟ್ ಮಾಡಿ. ಸಿಗ್ನಲ್ ಜೊತೆ ಬರುವ ‘ರಾ’ ಟ್ರೂ ಇದ್ದರೆ ತಕ್ಷಣ ರಿಟರ್ನ್ ಆಗಿ, ಇಲ್ಲವೆಂದರೆ ಲೋಡ್‌ಡೇಟಾ (ಫೈಲ್‌ನಿಂದ ಡೇಟಾ ತುಂಬುವ ಕಮಾಂಡ್) ಓಡಿಸಿದ ದಿನ ಹಳೆಯ ಗ್ರಾಹಕರಿಗೆಲ್ಲ ಎಸ್ಸೆಮ್ಮೆಸ್ ಹೋಗುತ್ತದೆ.

ಆನ್_ಕಮಿಟ್‌ಗೂ ಮಿತಿಯಿದೆ. ಕಮಿಟ್ ಆಗಿ, ಟಾಸ್ಕ್ ಕ್ಯೂ ಸೇರುವ ಮುನ್ನ ಪ್ರೊಸೆಸ್ ಸತ್ತರೆ ಎಸ್ಸೆಮ್ಮೆಸ್ ಕಳೆದುಹೋಗುತ್ತದೆ. ಎಸ್ಸೆಮ್ಮೆಸ್ ಹೋದ ಸಮಯಕ್ಕೆ ಒಂದು ಕಾಲಂ ಇಟ್ಟು, ಪೇಡ್ ಆಗಿ 10 ನಿಮಿಷ ಕಳೆದರೂ ಅದು ಖಾಲಿಯಿರುವ ಆರ್ಡರ್‌ಗಳಿಗೆ ಕ್ರಾನ್‌ನಿಂದ (ನಿಗದಿತ ಸಮಯಕ್ಕೆ ತಾನಾಗಿ ಓಡುವ ಕೆಲಸ) ಎಸ್ಸೆಮ್ಮೆಸ್ ಮತ್ತೆ ಕಳಿಸಿ.