ಎರಿ ರಾಡ್ಯಾಗ ಹಿಂದಿನ ಗಾಲಿ ಜಾಮ್: ಎತ್ತರದ ಶಾಕಪ್ಸರ್ ಹಾಕಿದ್ರ ಬಗೀಹರೀತದೇನ್ರಿ?

ಎರಿಹೊಲ_ನವಲಗುಂದ
100 ಸಿಸಿ ಗಾಡಿ. ಹಿಂದ ಎರಡು ಶಾಕಪ್ಸರ್, 18 ಇಂಚಿನ ಗಾಲಿ, ಟ್ಯೂಬ್ ಟೈರ್. ಕಂಪನಿ ಕೊಟ್ಟಿದ್ದು 80/100 (ಅಗಲ 80 ಮಿಮೀ, ಎತ್ತರ ಅದರ ಶೇ 100), ಈಗ 90/90 ಬಟನ್ ಟೈರ್ (ಗುಬ್ಬಿ ಗುಬ್ಬಿ ಇರೋದು) ಐತಿ. ಹೆಸರು ಬೆಳಿಗೆ ಎಣ್ಣಿ (ಔಷಧ) ಹೊಡಿಯಾಕ 20 ಲೀಟರಿನ ಎರಡು ನೀರಿನ ಕ್ಯಾನ್ ಕ್ಯಾರಿಯರ್‌ಗೆ ಜೋತುಬಿಟ್ಟು, 16 ಲೀಟರ್ ಖಾಲಿ ಪಂಪು ಮ್ಯಾಲೆ. ಡಾಂಬರ್ ಬಿಟ್ಟು ಚಕ್ಕಡಿ ದಾರಿಗೆ ಇಳಿದು ಸ್ವಲ್ಪ ದೂರ ಹೋಗೋದ್ರಾಗ ಹಿಂದಿನ ಗಾಲಿ ತಿರಗೋದು ಬಂದ್. ತಗ್ಗು ಬಂದ್ರ ಧಡ್ ಅಂತ ಬಡಿತದ. ಶಾಕಪ್ಸರ್ ಕಡೀ ಹಲ್ಲಿಗೆ (ಸ್ಪ್ರಿಂಗ್ ಬಿಗಿ ಮಾಡೋ ಮೆಟ್ಟಲಿಗೆ) ಐತಿ. 2 ಇಂಚು ಉದ್ದನ್ನ ಶಾಕಪ್ಸರ್ ಹಾಕಲ್ಯೋ, ಇಲ್ಲಾ ಸ್ವಿಂಗ್ ಆರ್ಮಿನ್ಯಾಗ ಶಾಕಪ್ಸರ್ ಕೂರೋ ಕೆಳಗಿನ ಕಿವಿ ವೆಲ್ಡಿಂಗ್ ಮಾಡಿಸಿ ಮ್ಯಾಲೆ ಏರಿಸಲ್ಯೋ?

ಪಾನಾ_10_12
ರೊಕ್ಕಾ ಖರ್ಚು ಮಾಡೂಕಿಂತ ಮೊದಲ ಅಳತಿ ತಗೀರಿ ಅಣ್ಣಾರ. ಡಬಲ್ ಸ್ಟ್ಯಾಂಡ್ ಹಾಕಿ ಗಾಲಿ ಜೋತುಬಿದ್ದಾಗ ಆ್ಯಕ್ಸಲ್ ನಟ್ಟಿನ ನಡುವಿಂದ ನೆಟ್ಟಗ ಮ್ಯಾಲೆ ಸೀಟಿನ ಕೆಳಗಿನ ಒಂದು ಬೋಲ್ಟಿಗೆ ಟೇಪ್ ಹಿಡೀರಿ. ಆಮ್ಯಾಲೆ ನೀವು, ನೀರು, ಪಂಪು ಎಲ್ಲಾ ಏರಿದ ಮ್ಯಾಲೆ ಅದೇ ಅಳತಿ. ಹಂಗ ಎರಡೂ ಶಾಕಪ್ಸರ್ ಬಿಚ್ಚಿ, ಗಾಲಿ ಮ್ಯಾಲೆ ಎತ್ತಿದಾಗ ಮಡ್‌ಗಾರ್ಡಿಗೂ ಸ್ವಿಂಗ್ ಆರ್ಮಿನ (ಹಿಂದಿನ ಗಾಲಿ ಹಿಡಿದ ಚಿಮಟಾ) ಅಡ್ಡಪಟ್ಟಿಗೂ ಟೈರಿನಿಂದ ಎಷ್ಟು ಸಂದು ಅಂತ ನೋಡ್ರಿ.

ಎರಿಹೊಲ_ನವಲಗುಂದ
ಜೋತುಬಿದ್ದಾಗ 420 ಮಿಮೀ, ಲೋಡ್ ಏರಿದಾಗ 362. ಒಟ್ಟು ಆಟ (ಗಾಲಿ ಮ್ಯಾಲೆ ಕೆಳಗ ಆಡೋ ದೂರ) 80 ಸಿಗ್ತದ. ಲೋಡಿನ್ಯಾಗ ಮಡ್‌ಗಾರ್ಡ್ ಸಂದು 45. ಅಡ್ಡಪಟ್ಟಿ ಹತ್ರ ಬರೇ 14.

ಪಾನಾ_10_12
ಉತ್ತರ ಇಲ್ಲೇ ಐತಿ. 80ರಾಗ 58 ಲೋಡಿಗೇ ಹೋತು, ತಗ್ಗಿಗೆ ಉಳಿದಿದ್ದು 22. ಧಡ್ ಅನ್ನೂದು ಅದಕ್ಕ. ಒಬ್ಬರ ಕುಂತಾಗ ಆಟದ ಮೂರನೇ ಒಂದು ಪಾಲು ಇಳಿದ್ರ ಸರಿ, ಲೋಡಿನ್ಯಾಗ ಅರ್ಧ ದಾಟಬಾರದು.

ಗಾಲಿ ಜಾಮ್ ಆಗೋದು ಬ್ಯಾರೆ ರೋಗ. ರಾಡಿ ಮೊದಲ ತುಂಬೋದು ಆ 14 ಮಿಮೀ ಸಂದಿನ್ಯಾಗ. ಅಡ್ಡಪಟ್ಟಿ ಸ್ವಿಂಗ್ ಆರ್ಮಿನ ಮ್ಯಾಲೇ ಇರೋದ್ರಿಂದ ಶಾಕಪ್ಸರ್ ಎಷ್ಟ ಎತ್ತರ ಮಾಡಿದ್ರೂ ಆ ಸಂದು ಒಂದು ಕೂದಲೆಳಿನೂ ಹೆಚ್ಚಾಗಂಗಿಲ್ಲ. ಮಡ್‌ಗಾರ್ಡಿನ ಸಂದು ಮಾತ್ರ ಗಾಡಿ ಎದ್ದಷ್ಟು ಹೆಚ್ಚಾಗ್ತದ. ಎರಡಕ್ಕೂ ಬ್ಯಾರೆ ಬ್ಯಾರೆ ಔಷಧ ಬೇಕು.

ಮೊದಲ ಟೈರ್. 90 ತಗದು 80/100ಕ್ಕ ಬರ್ರಿ. ಎತ್ತರ ಹೆಚ್ಚು ಕಡಿಮಿ ಅಷ್ಟೇ (81ರ ಬದಲಿ 80), ಅಗಲ ಮಾತ್ರ ಒಂದೊಂದು ಮಗ್ಗಲಿಗೆ 5 ಮಿಮೀ ಕಡಿಮಿ. ಮ್ಯಾಲಿಂದ ಬಟನ್ ಎತ್ತರ ಇದ್ದಷ್ಟು ಅಡ್ಡಪಟ್ಟಿ ಸಂದು ತಿಂತದ. ಟೈರಿನ ಮ್ಯಾಲಿನ ಲೋಡ್ ನಂಬರ್ ಕಂಪನಿದಕ್ಕಿಂತ ಕಡಿಮಿ ಇರಬಾರದು.

ಎರಡನೇದು, ಗಾಲಿ ಹಿಂದ ಸರಿಸೋದು. ಚೈನ್ ಟೆನ್ಶನರಿನ ಗುರುತು ಮುಂದಿನ ಕಡಿಗೆ ಇದ್ರ ಚೈನಿಗೆ ಒಂದು ಜೋಡಿ ಕೊಂಡಿ ಸೇರಿಸ್ರಿ. 428 ಚೈನಿನ ಒಂದು ಕೊಂಡಿ 12.7 ಮಿಮೀ. ಜೋಡಿ ಸೇರಿದ್ರ ಚೈನ್ 25.4 ಉದ್ದ ಆಗ್ತದ, ಮ್ಯಾಲೊಂದು ಸಾಲು ಕೆಳಗೊಂದು ಸಾಲು ಇರೋದ್ರಿಂದ ಗಾಲಿ ಅದರ ಅರ್ಧ, ಅಂದ್ರ 12.7 ಹಿಂದ ಹೋಗ್ತದ. 14 ಇದ್ದ ಸಂದು ಹತ್ರ ಹತ್ರ 27. ಸೀಳಿನ್ಯಾಗ ಅಷ್ಟು ಜಾಗ ಐತೇನು, ಬ್ರೇಕ್ ರಾಡ್ ಮುಟ್ಟತದೇನು ನೋಡ್ರಿ. ಸವೆದ ಚೈನಿಗೆ ಹೊಸ ಕೊಂಡಿ ಜೋಡಿಸಬ್ಯಾಡ್ರಿ, ಅಲ್ಲೇ ಕಟ್ ಆಗ್ತದ.

ಮಸಾರಿ_ಹುಡುಗ
ಹಿಮದಾಗ ಓಡಸೋ ಸ್ನೋಮೊಬೈಲಿಗೆ ಹಿಂದಿನ ಸಸ್ಪೆನ್ಶನ್ ಬದಲಿ ಮಾಡತಾರಲ್ರಿ, ಹಂಗ ಇಲ್ಲಿ ನಡಿಯಂಗಿಲ್ಲೇನು?

ಪಾನಾ_10_12
ಅದಕ್ಕ ಹಿಂದ ಗಾಲಿ ಇಲ್ಲ, ಉದ್ದನ್ನ ರಬ್ಬರ್ ಪಟ್ಟಾ. ಒಳಗಿನ ಲಿಮಿಟರ್ ಪಟ್ಟಿ ಸಡ್ಲ ಬಿಟ್ರ ಮುಂದಿನ ಸ್ಕೀ (ಜಾರೋ ಪಟ್ಟಿ) ಹಗುರ ಆಗಿ ಮೂತಿ ಏಳ್ತದ, ಮೆತ್ತನ್ನ ಹಿಮದ ಮ್ಯಾಲೆ ತೇಲ್ತದ. ಎರಿ ರಾಡ್ಯಾಗ ತೇಲಾಕ ನಮ್ಮ ಗಾಡಿಗೆ ಅಗಲ ಎಲ್ಲೈತಿ? ಸಣ್ಣ ಟೈರ್ ರಾಡಿ ಸೀಳಿ ಕೆಳಗಿನ ಗಟ್ಟಿ ನೆಲ ಹಿಡೀಬೇಕು. ನಮ್ಮಲ್ಲಿ ಮುಂದಿನ ಗಾಲಿ ಹಗುರಾತಂದ್ರ ಗಾಡಿ ಮಕ್ಕೊಂತದ. ನವಲಗುಂದದ ಅಣ್ಣಾರ ಕ್ಯಾನ್ ಆ್ಯಕ್ಸಲಿನ ಹಿಂದ ಜೋತುಬಿಟ್ಟಿದ್ದು ಅದೇ ತಪ್ಪು. 40 ಕೆಜಿ ಅಲ್ಲಿ ಕುಂತ್ರ ಹಿಂದ ಕುಸಿತದ, ಮುಂದ ಏಳ್ತದ. ಕ್ಯಾನ್ ಆ್ಯಕ್ಸಲಿಗಿಂತ ಮುಂದ, ಫುಟ್‌ರೆಸ್ಟ್ ಕಡೆ, ಸಾಧ್ಯ ಆದಷ್ಟು ಕೆಳಗ ಬರ್ಲಿ. ಸೈಲೆನ್ಸರಿಗೆ ತಾಗಬಾರದು, ಪ್ಲಾಸ್ಟಿಕ್ ಕರಗ್ತದ.

ಗದಗ_ಗ್ಯಾರೇಜ್
2 ಇಂಚು ಉದ್ದದ ಶಾಕಪ್ಸರ್ ಬಗ್ಗೆ ಒಂದು ಮಾತು. ಉದ್ದ ಹೆಚ್ಚಿದ್ದರೂ ಒಳಗಿನ ರಾಡ್ ಓಡುವ ದೂರ ಹಳೆಯದರಷ್ಟೇ ಇದ್ದರೆ ಧಡ್ ಸದ್ದು ಹೋಗುವುದಿಲ್ಲ, ಎತ್ತರದಲ್ಲಿ ನಿಂತು ಬಡಿಯುತ್ತದೆ ಅಷ್ಟೆ. ಹಿಂಭಾಗ 50 ಮಿಮೀ ಎದ್ದರೆ ಹ್ಯಾಂಡಲ್ ಕೋನ ಸುಮಾರು 2 ಡಿಗ್ರಿ ಕಡಿದಾಗಿ ಮುಂದಿನ ಗಾಲಿ ರಾಡಿಯಲ್ಲಿ ಅತ್ತಿತ್ತ ಎಳೆಯುತ್ತದೆ. ಸೈಡ್ ಸ್ಟ್ಯಾಂಡ್ ಗಿಡ್ಡ ಬೀಳುತ್ತದೆ, ಡಬಲ್ ಸ್ಟ್ಯಾಂಡ್ ಹಾಕಿದರೂ ಗಾಲಿ ನೆಲ ಬಿಡುವುದಿಲ್ಲ, ಚೈನ್ ಸ್ವಿಂಗ್ ಆರ್ಮಿನ ರಬ್ಬರನ್ನು ಉಜ್ಜುತ್ತದೆ.

ಬೇಕಾಗಿರುವುದು ಗಟ್ಟಿ ಸ್ಪ್ರಿಂಗ್. ಹಲ್ಲು ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ, ಇಲ್ಲ. ಗಾಡಿ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಗಟ್ಟಿತನ ಇರುವುದು ತಂತಿಯ ದಪ್ಪದಲ್ಲಿ, ಅದೂ ನಾಲ್ಕನೇ ಘಾತದಲ್ಲಿ. ಸುತ್ತು, ಅಗಲ ಅಷ್ಟೇ ಇಟ್ಟು 7 ಮಿಮೀ ತಂತಿಯ ಬದಲು 7.5 ಹಾಕಿದರೆ ಶೇ 32 ಗಟ್ಟಿ. ಅದಕ್ಕಿಂತ ಮೇಲೆ ಹೋಗಬೇಡಿ. ಒಳಗಿನ ಆಯಿಲ್ ಹಳೆಯ ಸ್ಪ್ರಿಂಗಿನ ಲೆಕ್ಕದ್ದು, ಅತಿ ಗಟ್ಟಿಯಾದರೆ ತಡೆಯಲಾರದೆ ಗಾಲಿ ಚೆಂಡಿನ ಹಾಗೆ ಪುಟಿಯುತ್ತದೆ. ಕಿವಿಯಿಂದ ಕಿವಿಗೆ ಅಳತೆ ಹಳೆಯದೇ ಇರಲಿ, ಎರಡೂ ಕಡೆ ಒಂದೇ ಹಲ್ಲು ಇರಲಿ. ಹಲ್ಲು ತಿರುಗಿಸುವ ಮುನ್ನ ನೀರು ಹೊಡೆದು ತೊಳೆಯಿರಿ. ಒಣಗಿದ ಎರೆ ಮಣ್ಣು ಸಿಕ್ಕಿದರೆ ಹಲ್ಲೇ ಕಿತ್ತು ಬರುತ್ತದೆ.

ಚೈನ್ ಸಡಿಲವನ್ನು ಲೋಡ್ ಏರಿಸಿಯೇ ನೋಡಿ. ಇಂಜಿನ್ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಬೋಲ್ಟ್, ಆ್ಯಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಆಗಲೂ ಬೆರಳಿಗೆ ಸ್ವಲ್ಪ ಆಡಬೇಕು.

ಎರಿಹೊಲ_ನವಲಗುಂದ
ತಿಳೀತ್ರಿ. ಮಡ್‌ಗಾರ್ಡ್ ಒಳಗ ಸುಟ್ಟ ಆಯಿಲ್ ಹಚ್ಚಿದ್ರ ಮಣ್ಣು ಹತ್ತಂಗಿಲ್ಲ ಅಂತಾರಲ್ರಿ?

ಪಾನಾ_10_12
ಟೈರಿಗೂ ಬ್ರೇಕ್ ಡ್ರಮ್ಮಿಗೂ ಇಳೀತದ, ಬ್ಯಾಡ. ಅದರ ಬದಲಿ ಇಂಜಿನ್ ಸ್ಪ್ರಾಕೆಟ್ ಕವರ್ ಬಿಚ್ಚಿ ನೋಡ್ರಿ. ಒಳಗ ಹಂಚಿನಂಗ ಗಟ್ಟಿಯಾದ ಮಣ್ಣು ಇರ್ತದ, ಚೈನ್ ಅದನ್ನ ಕೊರಕೊಂತ ಓಡ್ತಿರ್ತದ. ಸ್ಕ್ರೂಡ್ರೈವರಿಂದ ಕೆತ್ತಬ್ಯಾಡ್ರಿ, ಅಲ್ಲೇ ನ್ಯೂಟ್ರಲ್ ಸ್ವಿಚ್ಚಿನ ವಾಯರ್ ಇರ್ತದ. ನೀರು ಹಾಕಿ ನೆನಸಿ ತಗೀರಿ.

ಮುಂದಿನ ಮಡ್‌ಗಾರ್ಡ್ 20 ಮಿಮೀ ಬುಶ್ ಇಟ್ಟು ಎತ್ತರಿಸ್ರಿ, ಬೋಲ್ಟ್‌ನೂ ಅಷ್ಟೇ ಉದ್ದನ್ನವು ಬೇಕು. ಆಮ್ಯಾಲೆ ಮುಂದಿನ ಬ್ರೇಕ್ ಹಿಡಿದು ಫೋರ್ಕ್ ಪೂರಾ ಒತ್ತಿ, ಹಾರ್ನಿಗೂ ಹೆಡ್‌ಲೈಟ್ ಕೆಳಗಿನ ಪ್ಲೇಟಿಗೂ ತಾಗತದೇನು ನೋಡ್ರಿ.

ಗಾಳಿ ಬಹಳ ಇಳಿಸಬ್ಯಾಡ್ರಿ. ಲೋಡಿನ್ಯಾಗ ಟೈರ್ ರಿಮ್ಮಿನ ಮ್ಯಾಲೆ ಜರೀತದ, ಒಳಗಿನ ಟ್ಯೂಬೂ ಜರೀತದ, ವಾಲ್ವ್ ವಾರಿ ಆಗಿ ಬುಡದಾಗ ಹರೀತದ. ವಾಲ್ವ್ ವಾರಿ ಕಂಡ್ರ ಅವತ್ತೇ ಗಾಳಿ ಬಿಟ್ಟು ನೆಟ್ಟಗ ಮಾಡ್ರಿ.

ಮಸಾರಿ_ಹುಡುಗ
ಇಷ್ಟೆಲ್ಲಾ ಮಾಡಿದ್ರ ಮಳಿ ಬಂದ ದಿನಾನೂ ಹೋಗಬಹುದೇನ್ರಿ?

ಪಾನಾ_10_12
ಮಳಿ ಬೀಳೂ ಮುಂದ ನೀರ್ ನೀರಾದ ರಾಡಿ ಗಾಲಿಯಿಂದ ಜಾರಿ ಹೋಗ್ತದ. ತ್ರಾಸ ಇರೋದು ಮಳಿ ನಿಂತು ಬಿಸಿಲು ಬಿದ್ದು ಅರ್ಧ ಆರಿದಾಗ, ಅವಾಗ ಎರಿ ಅಂಟಿನಂಗ ಹಿಡೀತದ. ಕಾಲಿಟ್ರ ಚಪ್ಪಲಿಗೆ ಗಡ್ಡಿ ಗಡ್ಡಿ ಮಣ್ಣು ಏರ್ತಿದ್ರ ಗಾಡಿ ಡಾಂಬರಿನ್ಯಾಗ ಬಿಟ್ಟು ನಡಕೊಂತ ಹೋಗ್ರಿ. ಆ ಹದಕ್ಕ 27 ಮಿಮೀ ಸಂದೂ ಸಾಲಂಗಿಲ್ಲ.

ಎರಿಹೊಲ_ನವಲಗುಂದ
ಕಿವಿ ವೆಲ್ಡಿಂಗ್?

ಗದಗ_ಗ್ಯಾರೇಜ್
ಬೇಡ. ಸ್ವಿಂಗ್ ಆರ್ಮ್ ತೆಳು ಪೈಪು, ವೆಲ್ಡಿಂಗ್ ಕಾವು ತಗುಲಿದ ಅಂಚಿನಲ್ಲೇ ಸೀಳುತ್ತದೆ. ಈಗಾಗಲೇ ಯಾರಾದರೂ ಅಲ್ಲಿ ವೆಲ್ಡ್ ಮಾಡಿದ್ದರೆ ಬಣ್ಣ ಕೆರೆದು ಕೂದಲಿನಂಥ ಗೆರೆ ಇದೆಯೇ ನೋಡಿ. ಇದ್ದರೆ ಸ್ವಿಂಗ್ ಆರ್ಮನ್ನೇ ಬದಲಿಸಿ. ಬದಲಿಸುವಾಗ ಅದರ ಬುಶ್ ಜೋಡಿಯೂ ಹೊಸದು ಹಾಕಿಸಿ.