ಮತದಾರರ ಬಗ್ಗೆ ಪಿಎಚ್‌ಡಿ ಮಾಡಿದರೆ ಮುಂದೇನು?

ಪ್ರಶ್ನೆ (ಸಾಗರದಿಂದ):
ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಎಂ.ಎ., ಕೊನೆಯ ಸೆಮಿಸ್ಟರ್. ಜನ ಯಾಕೆ ಹೀಗೆ ಓಟು ಹಾಕುತ್ತಾರೆ, ಗೆದ್ದವರು ಆಮೇಲೆ ಯಾರ ಪರ ನಿಲ್ಲುತ್ತಾರೆ ಅನ್ನೋದನ್ನೇ ಓದಬೇಕು ಅಂತ ಆಸೆ. ಮನೆಯಲ್ಲಿ ಬಿ.ಎಡ್. ಮಾಡು ಅನ್ನುತ್ತಾರೆ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದೀರಾ?

ಉತ್ತರ (ಹೊಸನಗರದವಳು, ಈಗ ಕಾಲೇಜಿನಲ್ಲಿ ಪಾಠ):
ದುಡ್ಡಿನ ಮಾತು ಮೊದಲು ಮುಗಿಸೋಣ. ನೆಟ್ ಪರೀಕ್ಷೆಯಲ್ಲಿ ಮೇಲಿನ ಅಂಕ ಬಂದವರಿಗೆ ಕೊಡುವ ಸಂಶೋಧನಾ ವೇತನ, ಜೆಆರ್‌ಎಫ್, ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ನನಗೆ ಸಿಗಲಿಲ್ಲ. ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತಲೇ ಓದಿದೆ. ಕಷ್ಟವೇ.

ನನ್ನ ವಿಷಯ ಪಂಚಾಯಿತಿಯ ಮಹಿಳಾ ಸದಸ್ಯರು. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯಿತಲ್ಲ, ಅದು ಮುಗಿದ ಮೇಲೆ ಹಳ್ಳಿ ಸುತ್ತಿದೆ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಅರ್ಧ ಸೀಟು ಹೆಂಗಸರಿಗೆ. ಯಾರಿಗೆ, ಯಾಕೆ ಓಟು ಹಾಕಿದರು ಅಂತ ಕೇಳಲು ಮತದಾರರ ಪಟ್ಟಿಯಿಂದ ಇಷ್ಟು ಹೆಸರಿಗೊಂದು ಅಂತ ಆರಿಸುತ್ತೇವೆ. ಆಮೇಲೆ ಅವರನ್ನೇ ಮಾತಾಡಿಸಬೇಕು, ಮನೆಯಲ್ಲಿ ಸಿಕ್ಕವರನ್ನಲ್ಲ. ತೋಟ, ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಿ ಹೋದರೆ ಜಗಲಿಗೆ ಬರುವುದು ಗಂಡಸರು. "ಅವಳಿಗೇನು ಗೊತ್ತು, ನನ್ನನ್ನೇ ಕೇಳಿ."

ಅಡಿಕೆ ಸುಲಿಯುವ ಕಾಲ. ಒಂದು ಮನೆಯಲ್ಲಿ ನಾನೂ ಹೋಗಿ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತೆ. ಅರ್ಧ ಡಬ್ಬ ತುಂಬುವಷ್ಟರಲ್ಲಿ ಗಂಡ ಎದ್ದು ತೋಟಕ್ಕೆ ಹೋದರು. ಪಟ್ಟಿಯಲ್ಲಿ ಹೆಸರಿದ್ದ ಹೆಂಡತಿ ತಲೆ ಎತ್ತದೆ ಹೇಳಿದರು: "ನಾವು ನಾಲ್ಕು ಮನೆ ಹೆಂಗಸರು ಮಾತಾಡಿಕೊಂಡೇ ಹಾಕಿದ್ದು. ನೀರಿನ ಪೈಪಿಗೆ." ಗಂಡ ಪಕ್ಕದಲ್ಲೇ ಇದ್ದಿದ್ದರೆ ಈ ಮಾತು ಬರುತ್ತಿತ್ತಾ? ದೇಶದಲ್ಲೆಲ್ಲ ಚುನಾವಣಾ ಅಧ್ಯಯನ ಮಾಡುವ ಲೋಕನೀತಿ ಸಮೀಕ್ಷೆಯವರು ಡಮ್ಮಿ ಮತಪತ್ರ ಕೊಟ್ಟು, ಗುರುತು ಹಾಕಿ ಪೆಟ್ಟಿಗೆಗೆ ಹಾಕಿ ಅನ್ನುವುದು ಇದಕ್ಕೇ. ನನಗೆ ಈ ಕೆಲಸ ಹಿಡಿಸಿದ್ದು ಆ ದಿನದಿಂದ. ಬನ್ನಿ ಅಂತಲೇ ಹೇಳುತ್ತೇನೆ.

ಉತ್ತರ (ತೀರ್ಥಹಳ್ಳಿಯಿಂದ):
ಮನೆಯಲ್ಲೇ ಕೂತು ಶುರು ಮಾಡಬಹುದು. ಫಾರಂ 20 ಅನ್ನುವ ಚುನಾವಣಾ ಫಲಿತಾಂಶದ ಪಟ್ಟಿಯಲ್ಲಿ ಬೂತ್‌ವಾರು ಓಟಿನ ಲೆಕ್ಕ ಸಿಗುತ್ತದೆ. ನಿಮ್ಮ ಊರಿನ ಚರಿತ್ರೆಯೂ ಕಮ್ಮಿಯೇನಲ್ಲ. 1951ರಲ್ಲಿ ಭೂಮಾಲೀಕರ ವಿರುದ್ಧ ಗೇಣಿದಾರರ ಕಾಗೋಡು ಸತ್ಯಾಗ್ರಹ, ಮರುವರ್ಷವೇ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಅಲ್ಲಿಂದಲೇ ವಿಧಾನಸಭೆಗೆ ಹೋದರು. ಗೇಣಿದಾರರ ಮಾತು ಸದನಕ್ಕೆ ಹೋದದ್ದು ಹಾಗೆ.

ಪ್ರಶ್ನೆ ಕೇಳಿದವಳು:
ಇಬ್ಬರಿಗೂ ಥ್ಯಾಂಕ್ಸ್. ನೆಟ್‌ಗೆ ಓದುತ್ತೇನೆ. ಮೇಡಂ, ಅಡಿಕೆ ಸುಲಿಯುತ್ತಾ ಬರೆದುಕೊಂಡಿದ್ದು ಹೇಗೆ?

ಹೊಸನಗರದವಳು:
ಬರೆದುಕೊಳ್ಳಲಾ ಅಂತ ಮೊದಲೇ ಕೇಳಿದ್ದೆ, ಹೂಂ ಅಂದಿದ್ದರು. ಆದರೂ ಅಲ್ಲಿ ನೋಟ್‌ಬುಕ್ ತೆಗೆಯಲಿಲ್ಲ. ಸಂಕ ದಾಟಿ ಬಂದು ನಿಂತು ಬರೆದೆ. ಕೈಯೆಲ್ಲ ಅಡಿಕೆಯ ಚೊಗರು. ಆ ಪುಟದ ಮೇಲೆ ಕಲೆ ಇನ್ನೂ ಇದೆ.